ವೈರ್ ಇಯರ್‌ಫೋನ್ ಹೋಲಿಸುವ ಕ್ರಮ: ಮೊದಲು ಕಿವಿ, ಆಮೇಲೆ ಸೌಂಡ್

ಎರಡು ಇಯರ್‌ಫೋನ್‌ಗಳಲ್ಲಿ ಯಾವುದು ಚೆನ್ನಾಗಿದೆ ಅಂತ ಕೇಳಿದರೆ ಜನ ತಕ್ಷಣ ಉತ್ತರ ಕೊಡುತ್ತಾರೆ. ಆದರೆ ಬಹಳ ಸಲ ಒಂದು ಕಿವಿಯಲ್ಲಿ ಸರಿಯಾಗಿ ಕೂತಿರುತ್ತದೆ, ಇನ್ನೊಂದು ಕೂತೇ ಇರುವುದಿಲ್ಲ. ಒಂದು ಕೊಂಚ ಜೋರಾಗಿ ಕೇಳುತ್ತಿರುತ್ತದೆ, ಇನ್ನೊಂದು ಮೆಲ್ಲಗೆ. "ಇದರ ಬೇಸ್ ಚಲೋ ಐತಿ, ಅದು ಡಲ್ಲು" ಎಂಬ ತೀರ್ಪು ಈ ಎರಡು ಕಾರಣಗಳಿಂದಲೇ ಬಂದಿರಬಹುದು. ಇವೆರಡನ್ನೂ ಮೊದಲು ಸರಿಮಾಡಿಕೊಂಡರೆ ಮಾತ್ರ ಸೌಂಡಿನ ಮಾತಿಗೆ ಅರ್ಥ ಬರುತ್ತದೆ. ಅದಕ್ಕೇ ಈ ಬರಹದಲ್ಲಿ ಅರ್ಧಕ್ಕರ್ಧ ಜಾಗ ಕಿವಿಗೆ ಮತ್ತು ವಾಲ್ಯೂಮಿಗೆ ಕೊಟ್ಟಿದ್ದೇನೆ.

ರಾಯಚೂರಿನಂಥ ಊರಲ್ಲಿ ಈ ಕೆಲಸವನ್ನು ನಾವೇ ಮಾಡಿಕೊಳ್ಳಬೇಕು. ಮೊಬೈಲ್ ಅಂಗಡಿಗೆ ಹೋಗಿ ಡಬ್ಬಿ ಒಡೆದು ಕೇಳಿ ನೋಡ್ತೀನಿ ಅಂದರೆ "ಸೀಲ್ ಒಡದ್ರ ವಾಪಸ್ ತಗಳಂಗಿಲ್ಲಣ್ಣ" ಅನ್ನುತ್ತಾರೆ. ಅವರು ಹೇಳುವುದೂ ನ್ಯಾಯವೇ. ಒಬ್ಬರ ಕಿವಿಗೆ ಹೋದದ್ದನ್ನು ಇನ್ನೊಬ್ಬರಿಗೆ ಹೇಗೆ ಮಾರುವುದು? ಹಾಗಾಗಿ ಆನ್‌ಲೈನಿನಲ್ಲಿ ತರಿಸುತ್ತೇವೆ, ಇಲ್ಲವೇ ಗೆಳೆಯರದನ್ನು ಎರಡು ದಿನದ ಮಟ್ಟಿಗೆ ಇಸಿದುಕೊಳ್ಳುತ್ತೇವೆ. ನಮ್ಮ ಕೆಲವರ ನಡುವೆ ರಾಯಚೂರು, ಮಾನ್ವಿ, ಸಿಂಧನೂರು ಅಂತ ಇಯರ್‌ಫೋನ್ ಡಬ್ಬಿಗಳು ಓಡಾಡುತ್ತಲೇ ಇರುತ್ತವೆ. ಕೈಗೆ ಸಿಕ್ಕ ಸ್ವಲ್ಪ ಹೊತ್ತಿನಲ್ಲೇ ಸರಿಯಾಗಿ ತೂಗಿ ನೋಡಲು ಒಂದು ಕ್ರಮ ಬೇಕಾಗುತ್ತದೆ. ನಾವು ಪಾಲಿಸುವ ಕ್ರಮ ಇದು.

ಶುರು ಮಾಡುವ ಮುಂಚೆ

ವೈರ್ ಇಯರ್‌ಫೋನ್‌ಗಳಲ್ಲಿ ಎರಡು ಬಗೆ. ತುದಿಗೆ ರಬ್ಬರ್ ಟಿಪ್ ಇದ್ದು ಕಿವಿಯ ಕಾಲುವೆಯೊಳಗೆ ಹೋಗುವುದು ಇನ್-ಇಯರ್. ಹವ್ಯಾಸಿಗಳು ಅದನ್ನೇ ಐಇಎಂ ಅನ್ನುತ್ತಾರೆ. ಹಳೇ ಫೋನ್‌ಗಳ ಜೊತೆ ಬರುತ್ತಿದ್ದಂಥ ಚಪ್ಪಟೆ ಬಡ್ ಇನ್ನೊಂದು ಬಗೆ. ಅದು ಕಿವಿಯ ಹೊರಬಟ್ಟಲಿನಲ್ಲಿ ಸುಮ್ನೆ ಒರಗಿ ಕೂರುತ್ತದೆ. ಚಪ್ಪಟೆ ಬಡ್ ಕಾಲುವೆಯನ್ನು ಮುಚ್ಚುವುದಿಲ್ಲ, ಆದ್ದರಿಂದ ತೀರಾ ಕೆಳಗಿನ ಬೇಸ್ ಅದರಲ್ಲಿ ಸಹಜವಾಗಿಯೇ ಕಡಿಮೆ. ಹೊರಗಿನ ಸದ್ದೂ ಒಳಗೆ ಬರುತ್ತದೆ. ಅದರ ಬದಲು ಕಿವಿ ಕಟ್ಟಿದಂತಾಗುವುದಿಲ್ಲ, ಹಾಡು ತುಸು ದೂರದಿಂದ ಬಂದಂತೆ ತೆರೆದುಕೊಂಡು ಕೇಳುತ್ತದೆ. ಈ ಎರಡನ್ನು ಒಂದರೆದುರು ಒಂದು ಇಟ್ಟು ಬೇಸ್ ಅಳೆಯಬೇಡಿ. ಇನ್-ಇಯರ್ ಜೊತೆ ಇನ್-ಇಯರ್, ಬಡ್ ಜೊತೆ ಬಡ್. ಮುಂದೆ ಬರುವ ಮಾತು ಹೆಚ್ಚಾಗಿ ಇನ್-ಇಯರ್ ಬಗ್ಗೆ. ಬಡ್ ಇದ್ದವರಿಗೆ ಬೇರೆಯಾಗಿ ಹೇಳಬೇಕಾದದ್ದು ಒಂದೇ: ಅದರ ಮೇಲೆ ಹಾಕುವ ಸ್ಪಂಜಿನ ಕವರ್ ಬದಲಾದರೆ ಸೌಂಡ್ ಬದಲಾಗುತ್ತದೆ. ಪೂರ್ತಿ ಮುಚ್ಚುವ ಸ್ಪಂಜು ಬೇಸ್ ಹೆಚ್ಚಿಸಿ ಮೇಲಿನ ಸ್ವರಗಳ ಚೂಪನ್ನು ತಗ್ಗಿಸುತ್ತದೆ. ನಡುವೆ ತೂತಿರುವ ಸ್ಪಂಜು ಅಷ್ಟು ತಗ್ಗಿಸುವುದಿಲ್ಲ. ಎರಡಕ್ಕೂ ಒಂದೇ ಬಗೆಯ ಸ್ಪಂಜು ಹಾಕಿ.

ಬೇಕಾದ ಸಾಮಾನು ಹೆಚ್ಚಿಲ್ಲ. ಒಂದೇ ಫೋನು. ಜ್ಯಾಕ್ ಇಲ್ಲದಿದ್ದರೆ ಚಾರ್ಜಿಂಗ್ ತೂತಿಗೆ ಸಿಕ್ಕಿಸಿ ಜ್ಯಾಕ್ ಮಾಡಿಕೊಡುವ ಟೈಪ್-ಸಿ ಡಾಂಗಲ್ ಒಂದು. ಬೇಕಾದ ಹರ್ಟ್ಜ್‌ನ ಸ್ವರ ಹೊರಡಿಸುವ ಟೋನ್ ಜನರೇಟರ್ ಆ್ಯಪ್ (ಹರ್ಟ್ಜ್ ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಅಳತೆ, ಅಂಕಿ ಕಡಿಮೆಯಾದಷ್ಟೂ ಸ್ವರ ಕೆಳಗೆ). ಡೆಸಿಬೆಲ್ ತೋರಿಸುವ ಸೌಂಡ್ ಮೀಟರ್ ಆ್ಯಪ್. ಬೇರೆ ಬೇರೆ ಅಳತೆಯ ಟಿಪ್‌ಗಳು, ಒರೆಸಲು ಸ್ಪಿರಿಟ್ ಹಾಕಿದ ಹತ್ತಿ, ಬರೆದಿಡಲು ಒಂದು ನೋಟ್‌ಬುಕ್. ಬೇರೆಯವರ ಇಯರ್‌ಫೋನ್ ಆದರೆ ಟಿಪ್ ಮಾತ್ರ ನಿಮ್ಮದೇ ಹಾಕಿಕೊಳ್ಳಿ. ಕಿವಿ ಸೋರುತ್ತಿದ್ದರೆ, ನೋವಿದ್ದರೆ ಆ ವಾರ ಈ ಕೆಲಸ ಬೇಡ.

ಹೊತ್ತು ಆರಿಸುವುದು ನಮ್ಮ ಕಡೆ ದೊಡ್ಡ ವಿಷಯ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಮನೆಯಲ್ಲಿ ಕೂಲರ್ ಇಲ್ಲದೆ ಕೂರಲಾಗುವುದಿಲ್ಲ. ಆದರೆ ಕೂಲರ್, ಫ್ಯಾನಿನ ಗುಂಯ್ ಸದ್ದು ಬೇಸನ್ನೂ ಹಾಡಿನ ಸಣ್ಣ ಸಣ್ಣ ವಿವರಗಳನ್ನೂ ನುಂಗಿಬಿಡುತ್ತದೆ. ಬೆಳಗಿನ ಜಾವ, ಇಲ್ಲವೇ ರಾತ್ರಿ ಓಣಿ ಮಲಗಿದ ಮೇಲೆ, ಫ್ಯಾನ್ ಬಂದ್ ಮಾಡಿ ಕಾಲು ಗಂಟೆ ಕೇಳಿ. ಬೆವರು ಬಂದರೆ ನಿಲ್ಲಿಸಿ, ಒರೆಸಿ, ಮತ್ತೆ ಶುರು ಮಾಡಿ. ಬೆವರಿದ ಕಿವಿಯಲ್ಲಿ ಟಿಪ್ ಜಾರುತ್ತದೆ.

ಹೆಜ್ಜೆ 1: ಟಿಪ್ ಆರಿಸಿ

ದೊಡ್ಡವರ ಕಿವಿ ಕಾಲುವೆ ಸುಮಾರು 25 ಎಂಎಂ ಉದ್ದ. ಅದು ನೇರ ಕೊಳವೆಯಲ್ಲ, ನಡುವೆ ಬಾಗಿರುತ್ತದೆ. ಒಬ್ಬರದೇ ಎಡಗಿವಿ, ಬಲಗಿವಿ ಒಂದೇ ಥರ ಇರಬೇಕೆಂದಿಲ್ಲ. ಆದ್ದರಿಂದ ಎಡಕ್ಕೆ ಮೀಡಿಯಂ, ಬಲಕ್ಕೆ ಲಾರ್ಜ್ ಹಾಕಿಕೊಳ್ಳುವುದರಲ್ಲಿ ಏನೂ ತಪ್ಪಿಲ್ಲ. ಡಬ್ಬಿಯಲ್ಲಿ ಹಾಕಿ ಬಂದ ಮೀಡಿಯಂ ಟಿಪ್‌ನಲ್ಲೇ ಕೇಳಿ ತೀರ್ಪು ಕೊಟ್ಟರೆ ಅನ್ಯಾಯವಾಗುವುದು ಇಯರ್‌ಫೋನಿಗೆ.

ಹಾಕಿಕೊಳ್ಳುವ ರೀತಿ ಹೀಗೆ. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲಂಚನ್ನು ಮೇಲಕ್ಕೆ, ಹಿಂದಕ್ಕೆ ಮೆಲ್ಲಗೆ ಎಳೆಯಿರಿ. ಆಗ ಕಾಲುವೆಯ ಬಾಗು ನೇರವಾಗುತ್ತದೆ. ಬಾಯಿ ತುಸು ತೆರೆಯಿರಿ. ಇಯರ್‌ಫೋನನ್ನು ಒಳಗೆ ಇಟ್ಟು ಚೂರು ತಿರುಗಿಸಿ ಕೂರಿಸಿ. ವೈರ್ ಕಿವಿಯ ಮೇಲಿಂದ ಸುತ್ತಿ ಬರುವ ಮಾದರಿಯಾದರೆ ಮೊದಲು ಇಯರ್‌ಫೋನ್ ಕೂರಿಸಿ, ಆಮೇಲೆ ವೈರನ್ನು ಕಿವಿಯ ಹಿಂದೆ ತನ್ನಿ. ಅವಸರದಲ್ಲಿ ಉಲ್ಟಾ ಮಾಡಿದರೆ ವೈರೇ ಇಯರ್‌ಫೋನನ್ನು ಹೊರಗೆ ಜಗ್ಗುತ್ತದೆ.

ಸಿಲಿಕಾನ್ ಟಿಪ್‌ನ ಬಾಯಿ ಅಗಲ ಇದ್ದರೆ ಮೇಲಿನ ಸ್ವರಗಳು ಚುರುಕಾಗಿ ಕೇಳುತ್ತವೆ. ಬಾಯಿ ಕಿರಿದಾಗಿದ್ದರೆ ಸಾಮಾನ್ಯವಾಗಿ ಬೇಸ್ ಮುಂದೆ ಬರುತ್ತದೆ. ಫೋಮ್ ಟಿಪ್ ಹೊರಗಿನ ಸದ್ದನ್ನು ಚೆನ್ನಾಗಿ ತಡೆಯುತ್ತದೆ, ಚೂಪನ್ನೂ ಒಂಚೂರು ಹೀರಿಕೊಳ್ಳುತ್ತದೆ. ಫೋಮನ್ನು ಬೆರಳಲ್ಲಿ ಹೊಸೆದು ಸಣ್ಣಗೆ ಮಾಡಿ ಒಳಗಿಟ್ಟು, ಅದು ಉಬ್ಬಿಕೊಳ್ಳುವವರೆಗೆ ಅರ್ಧ ನಿಮಿಷ ಹಿಡಿದುಕೊಳ್ಳಬೇಕು. ಎರಡು ಇಯರ್‌ಫೋನಿನ ಕೊಳವೆ (ಟಿಪ್ ಸಿಕ್ಕಿಸುವ ಮೂತಿ) ಒಂದೇ ದಪ್ಪ ಇದ್ದರೆ ಒಂದೇ ಜೊತೆ ಟಿಪ್ ಎರಡಕ್ಕೂ ಹಾಕಿ ಕೇಳಿ. ಅದಕ್ಕಿಂತ ನ್ಯಾಯದ ಹೋಲಿಕೆ ಇಲ್ಲ. ಶ್ಯೂರ್, ಎಟಿಮೋಟಿಕ್ ಮಾದರಿಗಳ ಕೊಳವೆ ತುಂಬಾ ತೆಳು, ಬೇರೆಯವುಗಳ ಟಿಪ್ ಅದಕ್ಕೆ ನಿಲ್ಲುವುದಿಲ್ಲ. ಆಗ ಪ್ರತಿಯೊಂದಕ್ಕೂ ನಿಮ್ಮ ಕಿವಿಗೆ ಒಪ್ಪುವ ಅತ್ಯುತ್ತಮ ಟಿಪ್ ಹುಡುಕಿ, ಯಾವುದು ಹಾಕಿದಿರಿ ಅಂತ ಬರೆದಿಡಿ. 1991ರಲ್ಲಿ ಬಂದ ಎಟಿಮೋಟಿಕ್ ಇಆರ್4 ಮೂರು ಮಡಿಕೆಯ ಟಿಪ್‌ನೊಂದಿಗೆ ಆಳಕ್ಕೆ ಹೋಗಿ ಕೂರುವಂತೆ ಮಾಡಿದ್ದು. ಅದನ್ನು ಅರ್ಧಕ್ಕೇ ನಿಲ್ಲಿಸಿ ಕೇಳಿದರೆ ಅದರ ಸ್ವಭಾವವೇ ಗೊತ್ತಾಗುವುದಿಲ್ಲ. ಸೆನ್‌ಹೈಸರ್ ಐಇ 200ರಲ್ಲಿ ಟಿಪ್ ಕೂರಿಸಲು ಎರಡು ಜಾಗ ಕೊಟ್ಟಿದ್ದಾರೆ. ಜಾಗ ಬದಲಾದರೆ ಬೇಸಿನ ಪ್ರಮಾಣವೂ ಬದಲಾಗುತ್ತದೆ. ತಯಾರಕರೇ ಟಿಪ್‌ಗೆ ಇಷ್ಟು ಬೆಲೆ ಕೊಡುವಾಗ ನಾವು ಕೊಡದಿದ್ದರೆ ಹೇಗೆ?

ಹೆಜ್ಜೆ 2: ಸೀಲ್ ಪರೀಕ್ಷೆ

ಇಲ್ಲಿ ಸೀಲ್ ಅಂದರೆ ಟಿಪ್ ಕಿವಿ ಕಾಲುವೆಯನ್ನು ಗಾಳಿ ಸೋರದಂತೆ ಮುಚ್ಚುವುದು. ಟಿಪ್ ಮತ್ತು ಕಾಲುವೆಯ ನಡುವೆ ಕೂದಲೆಳೆಯಷ್ಟು ಸಂದಿ ಇದ್ದರೂ ಬೇಸ್ ಸೋರಿಹೋಗುತ್ತದೆ. ಕುಕ್ಕರಿನ ಗ್ಯಾಸ್ಕೆಟ್ ಸಡಿಲ ಇದ್ದರೆ ಸೀಟಿ ಬರುವುದಿಲ್ಲವಲ್ಲ, ಹಾಗೆಯೇ. ಒತ್ತಡ ನಿಲ್ಲದಿದ್ದರೆ ಕೆಳಗಿನ ಸ್ವರಕ್ಕೆ ಬಲ ಬರುವುದಿಲ್ಲ.

ಮೂರು ಪರೀಕ್ಷೆ ಮಾಡಿ. ಮೊದಲನೆಯದಕ್ಕೆ ಹಾಡು ಬೇಡ. ಎರಡೂ ಕಿವಿಗೆ ಹಾಕಿಕೊಂಡು ಬಾಯಿ ಮುಚ್ಚಿ "ಹ್ಮ್" ಅಂತ ಗುನುಗಿ. ನಿಮ್ಮ ದನಿ ತಲೆಯೊಳಗೆ ದಪ್ಪಗೆ, ಎರಡೂ ಕಡೆ ಸಮವಾಗಿ ಮೊಳಗಬೇಕು. ಒಂದೇ ಕಡೆ ಮೊಳಗಿದರೆ ಆ ಕಡೆ ಸೀಲ್ ಆಗಿದೆ, ಇನ್ನೊಂದು ಕಡೆ ಆಗಿಲ್ಲ.

ಎರಡನೆಯದು, ಟೋನ್ ಆ್ಯಪ್‌ನಲ್ಲಿ 40 ಹರ್ಟ್ಜ್ ಸ್ವರ ಮೆಲ್ಲಗೆ ಹಾಕಿ. ಬೆರಳಲ್ಲಿ ಎರಡೂ ಇಯರ್‌ಫೋನನ್ನು ಹಗುರವಾಗಿ ಒಳಗೆ ಒತ್ತಿ. ಒತ್ತಿದಾಗ ಸ್ವರ ಜೋರಾದರೆ ಮೊದಲು ಸೀಲ್ ಇರಲಿಲ್ಲ ಎಂದರ್ಥ. ದೊಡ್ಡ ಟಿಪ್ ಹಾಕಿ ನೋಡಿ. ಅದರಿಂದಲೂ ಆಗದಿದ್ದರೆ ಒಂದು ಸಣ್ಣ ಅಳತೆಯದನ್ನು ಆಳಕ್ಕೆ ಹಾಕಿ ನೋಡಿ. ದೊಡ್ಡ ಟಿಪ್ ಕಾಲುವೆಯ ಬಾಯಲ್ಲೇ ಮಡಚಿಕೊಂಡು ಸೋರುವುದುಂಟು.

ಮೂರನೆಯದು, ಅದೇ ಸ್ವರ ಇಟ್ಟುಕೊಂಡು ಬಾಯಿ ಅಗಲ ತೆರೆದು ಮುಚ್ಚಿ, ತಲೆ ಅತ್ತಿತ್ತ ತಿರುಗಿಸಿ. ಶೇಂಗಾ ಅಗಿಯುವಂತೆ ದವಡೆ ಆಡಿಸಿ. ಸ್ವರ ಹೋಗಿ ಬಂದು ಮಾಡಿದರೆ ಆ ಟಿಪ್ ನಿಮ್ಮ ಕಿವಿಗೆ ಸಾಲದು. ಈ ಮೂರರಲ್ಲೂ ಪಾಸಾಗುವವರೆಗೆ ಮುಂದಿನ ಹೆಜ್ಜೆಗೆ ಹೋಗಬೇಡಿ, ದಯವಿಟ್ಟು.

ಹಾಕುವಾಗ ಒಳಗೆ "ಚರಕ್" ಅಂತ ಪ್ಲಾಸ್ಟಿಕ್ ಹಾಳೆ ಮಡಚಿದ ಸದ್ದು ಬಂದರೆ ಗಾಬರಿ ಬೇಡ. ಗಾಳಿಯ ಒತ್ತಡಕ್ಕೆ ಒಳಗಿನ ಪೊರೆ ಬಾಗುವ ಸದ್ದು ಅದು. ಕಿವಿಯನ್ನು ಎಳೆದು ಹಿಡಿದು ನಿಧಾನ ಹಾಕಿದರೆ ಕಡಿಮೆಯಾಗುತ್ತದೆ. ಆದರೆ ಪ್ರತಿ ಸಲವೂ ಬರುತ್ತಿದ್ದರೆ ಅದೂ ಆ ಇಯರ್‌ಫೋನಿನ ಒಂದು ಕೊರತೆ ಅಂತ ಬರೆದುಕೊಳ್ಳಿ.

ಹೆಜ್ಜೆ 3: ಎಡ ಬಲ ಸಮ ಇದೆಯಾ?

ಒಬ್ಬರೇ ಮಾತಾಡುವ ರೆಕಾರ್ಡಿಂಗ್ ಹಾಕಿ, ವಾರ್ತೆ ಓದುವುದಾದರೂ ಆಗಬಹುದು. ದನಿ ಸರಿಯಾಗಿ ಹಣೆಯ ನಡುವೆ ನಿಲ್ಲಬೇಕು. ಒಂದು ಕಡೆ ವಾಲಿದರೆ ಎಡದ್ದನ್ನು ಬಲಗಿವಿಗೆ, ಬಲದ್ದನ್ನು ಎಡಗಿವಿಗೆ ಹಾಕಿ ನೋಡಿ. ವಾಲಿಕೆ ದಿಕ್ಕು ಬದಲಿಸಿದರೆ ತೊಂದರೆ ಇಯರ್‌ಫೋನಿನದು. ಮೊದಲಿದ್ದ ದಿಕ್ಕಿನಲ್ಲೇ ಉಳಿದರೆ ತೊಂದರೆ ನಿಮ್ಮ ಕಿವಿಯದು, ಇಲ್ಲವೇ ಟಿಪ್ ಕೂತ ರೀತಿಯದು. ಇಯರ್‌ಫೋನಿನದೇ ಆದರೆ ಕೊಳವೆಯ ಬಾಯಿಯ ಜಾಲರಿ ನೋಡಿ. ಗುಗ್ಗೆ, ಧೂಳು ತುಂಬಿದ್ದರೆ ಆ ಕಡೆ ಸದ್ದು ಇಳಿಯುತ್ತದೆ.

ವೈರ್ ಬಿಚ್ಚಿ ಹಾಕುವ 2-ಪಿನ್ ಮಾದರಿಯಲ್ಲಿ ಇನ್ನೊಂದು ತೊಂದರೆ ಇದೆ. ಒಂದು ಕಡೆ ಪಿನ್ ಉಲ್ಟಾ ಸಿಕ್ಕಿಸಿದರೆ ಎಡ ಬಲಗಳು ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ಅಲುಗುತ್ತವೆ. ಆಗ ನಡುವೆ ನಿಲ್ಲಬೇಕಾದ ದನಿ ಚೆದುರಿ ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ, ಬೇಸ್ ಟೊಳ್ಳಾಗುತ್ತದೆ. ಕೆಲವರು ಇದನ್ನೇ "ಸ್ಟೇಜ್ ದೊಡ್ಡದು" (ಸೌಂಡ್ ಅಗಲಕ್ಕೆ ಹರಡಿದೆ) ಅಂತ ಮೆಚ್ಚಿಕೊಳ್ಳುವುದುಂಟು. ಪಿನ್ ಬಿಚ್ಚಿ ತಿರುಗಿಸಿ ಹಾಕಿದರೆ ಸರಿಯಾಗುತ್ತದೆ.

ಹೆಜ್ಜೆ 4: ವಾಲ್ಯೂಮ್ ಸರಿಸಮ ಮಾಡಿ

ಜೋರಾಗಿ ಕೇಳುವುದೇ ಚೆನ್ನಾಗಿದೆ ಅಂತ ಕಿವಿಗೆ ಅನ್ನಿಸುತ್ತದೆ. ಇದು ಎಲ್ಲರ ಕಿವಿಯ ಗುಣ. 1933ರಲ್ಲಿ ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ ತೋರಿಸಿದ ಹಾಗೆ, ವಾಲ್ಯೂಮ್ ಕಡಿಮೆ ಇದ್ದಾಗ ನಮ್ಮ ಕಿವಿಗೆ ಬೇಸ್ ಹೆಚ್ಚು ಮಂದವಾಗಿ ಕೇಳುತ್ತದೆ. ವಾಲ್ಯೂಮ್ ಏರಿಸಿದರೆ ಬೇಸ್ ತಾನಾಗಿ ಮೇಲೆ ಬರುತ್ತದೆ. ಒಂದೆರಡು ಡೆಸಿಬೆಲ್ ವ್ಯತ್ಯಾಸ "ಜೋರು" ಅಂತ ಗೊತ್ತಾಗುವುದೇ ಇಲ್ಲ. "ತುಂಬಿದ ಸೌಂಡು, ಜೀವ ಇರೋ ಸೌಂಡು" ಅಂತ ಗೊತ್ತಾಗುತ್ತದೆ. ತೀರ್ಪು ತಪ್ಪುವುದು ಇಲ್ಲೇ.

ಡಬ್ಬಿಯ ಮೇಲಿನ ಸೆನ್ಸಿಟಿವಿಟಿ (ಇಷ್ಟು ವಿದ್ಯುತ್ತಿಗೆ ಇಷ್ಟು ಜೋರು ಎಂಬ) ಅಂಕಿ ನೋಡಿ ಯಾವುದು ಜೋರು ಅಂತ ಹೇಳುವಾಗಲೂ ಎಚ್ಚರ ಬೇಕು. ಕೆಲವು ಕಂಪನಿಗಳು ಒಂದು ಮಿಲಿವ್ಯಾಟ್‌ಗೆ ಎಷ್ಟು ಡೆಸಿಬೆಲ್ ಅಂತ ಬರೆಯುತ್ತವೆ, ಕೆಲವು ಒಂದು ವೋಲ್ಟ್‌ಗೆ ಎಷ್ಟು ಅಂತ. ಎರಡನ್ನೂ ವೋಲ್ಟ್‌ಗೆ ತಂದು ನೋಡಬೇಕು. ಅದಕ್ಕೆ ಓಮ್, ಅಂದರೆ ಇಯರ್‌ಫೋನ್ ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ, ಗೊತ್ತಿರಬೇಕು. 16 ಓಮ್ ಇಯರ್‌ಫೋನಿನ ಮಿಲಿವ್ಯಾಟ್ ಅಂಕಿಗೆ 18 ಸೇರಿಸಿ, 32 ಓಮ್ ಆದರೆ 15 ಸೇರಿಸಿ. 16 ಓಮ್‌ನಲ್ಲಿ 105 ಇರುವುದೂ, 32 ಓಮ್‌ನಲ್ಲಿ 108 ಇರುವುದೂ ವೋಲ್ಟಿಗೆ 123 ಡೆಸಿಬೆಲ್ಲೇ ಆಗುತ್ತವೆ. ಅಂದರೆ ಒಂದೇ ಫೋನಿನ ಒಂದೇ ವಾಲ್ಯೂಮಿನಲ್ಲಿ ಎರಡೂ ಸರಿಸುಮಾರು ಅಷ್ಟೇ ಜೋರು.

ಅಂಕಿ ಎಷ್ಟೇ ಇರಲಿ, ಕೈಯಾರೆ ಸರಿ ಮಾಡಿಕೊಳ್ಳುವುದು ಉತ್ತಮ. ಇಯರ್‌ಫೋನಿನಲ್ಲಿ 1000 ಹರ್ಟ್ಜ್ ಸ್ವರ ಹಾಕಿ. ಇನ್ನೊಂದು ಫೋನಿನಲ್ಲಿ ಸೌಂಡ್ ಮೀಟರ್ ಆ್ಯಪ್ ತೆರೆದು, ಟಿಪ್‌ನ ಬಾಯಿಯನ್ನು ಅದರ ಮೈಕ್ ತೂತಿನ ಮೇಲೆ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಅಲ್ಲಿ ಬರುವ ಅಂಕಿ ನಿಜವಾದ ಡೆಸಿಬೆಲ್ ಅಂತ ನಂಬಬೇಡಿ. ಒಂದರ ಎದುರು ಇನ್ನೊಂದನ್ನು ನೋಡಲು ಮಾತ್ರ ಅದು ಬೇಕು. ಎರಡನೆಯದನ್ನೂ ಅದೇ ಟಿಪ್, ಅದೇ ಜಾಗದಲ್ಲಿ ಹಿಡಿದು, ಅಷ್ಟೇ ಅಂಕಿ ಬರುವಂತೆ ವಾಲ್ಯೂಮ್ ತಿದ್ದಿ. ಕೈ ಅಲುಗಿದರೆ ಅಂಕಿ ಕುಣಿಯುತ್ತದೆ, ಆದ್ದರಿಂದ ಮೂರ್ನಾಲ್ಕು ಸಲ ಹಿಡಿದು ನೋಡಿ. ಕೊನೆಗೆ ಮಾತಿನ ರೆಕಾರ್ಡಿಂಗ್ ಹಾಕಿ ಕಿವಿಯಲ್ಲೇ ಕೇಳಿ ಖಚಿತ ಮಾಡಿಕೊಳ್ಳಿ.

ಆ್ಯಂಡ್ರಾಯ್ಡ್ ಫೋನಿನ ವಾಲ್ಯೂಮಿಗೆ ಸಾಮಾನ್ಯವಾಗಿ 15 ಮೆಟ್ಟಿಲು ಮಾತ್ರ. ಒಂದು ಮೆಟ್ಟಿಲು ಏರಿಸಿದರೆ ಜಾಸ್ತಿ, ಇಳಿಸಿದರೆ ಕಡಿಮೆ ಅನ್ನುವಂತಾಗುತ್ತದೆ. ಆಗ ಈಕ್ವಲೈಜರ್ ಆ್ಯಪ್‌ನ ಪ್ರಿಆಂಪ್‌ನಿಂದ (ಎಲ್ಲಾ ಸ್ವರಗಳನ್ನೂ ಒಟ್ಟಿಗೆ ಏರಿಸಿ ಇಳಿಸುವ ಗೆರೆ) ಸಣ್ಣಗೆ ತಿದ್ದಿ. ಈಕ್ವಲೈಜರಿನ ಉಳಿದ ಗೆರೆಗಳು ಸೊನ್ನೆಯಲ್ಲೇ ಇರಲಿ. ಯಾವ ಇಯರ್‌ಫೋನಿಗೆ ಯಾವ ಮೆಟ್ಟಿಲು, ಎಷ್ಟು ಪ್ರಿಆಂಪ್ ಅಂತ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಆಮೇಲೆ ಕೇಳುವಾಗ ಕೈ ವಾಲ್ಯೂಮಿನ ಮೇಲೆ ಹೋಗಬಾರದು.

ಎಷ್ಟು ಜೋರಿರಬೇಕು? ಮನೆಯವರು ಬಾಗಿಲಲ್ಲಿ ನಿಂತು ಮಾತಾಡುವಷ್ಟು ಸಾಕು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಪ್ರತಿ 3 ಡೆಸಿಬೆಲ್ ಏರಿದರೆ ಹೊತ್ತು ಅರ್ಧಕ್ಕಿಳಿಯುತ್ತದೆ. 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ. ಹೋಲಿಸುವ ಹುರುಪಿನಲ್ಲಿ ಗಂಟೆಗಟ್ಟಲೆ ಜೋರಾಗಿ ಕೇಳಿದರೆ ಕಿವಿ ಸೋಲುತ್ತದೆ. ಸೋತ ಕಿವಿಗೆ ಎಲ್ಲವೂ ಮಂದ. ಇಪ್ಪತ್ತು ನಿಮಿಷ ಕೇಳಿ, ಹತ್ತು ನಿಮಿಷ ಬಿಡುವು ಕೊಡಿ.

ಹೆಜ್ಜೆ 5: ಫೋನು, ಡಾಂಗಲ್

ಎರಡಕ್ಕೂ ಒಂದೇ ಫೋನು, ಒಂದೇ ಫೈಲು. ಡಾಲ್ಬಿ, ಬೇಸ್ ಬೂಸ್ಟ್ ಎಲ್ಲಾ ಬಂದ್ ಮಾಡಿ. ಇಯರ್‌ಫೋನಿನೊಳಗೆ ಸದ್ದು ಹೊರಡಿಸುವ ಭಾಗಕ್ಕೆ ಡ್ರೈವರ್ ಅನ್ನುತ್ತಾರೆ. ಬ್ಯಾಲೆನ್ಸ್ಡ್ ಆರ್ಮೇಚರ್ ಎಂಬ ಬಗೆಯ ಸಣ್ಣ ಡ್ರೈವರ್ ಹಲವು ಇರುವ ಇಯರ್‌ಫೋನಿನ ಓಮ್ ಎಲ್ಲಾ ಸ್ವರಕ್ಕೂ ಒಂದೇ ಇರುವುದಿಲ್ಲ. ಅಂಥದ್ದಕ್ಕೆ ಔಟ್‌ಪುಟ್ ಇಂಪೀಡೆನ್ಸ್ (ಡಾಂಗಲಿನದೇ ಓಮ್) ಹೆಚ್ಚಿರುವ ಡಾಂಗಲ್ ಹಾಕಿದರೆ ಸೌಂಡೇ ಬೇರೆಯಾಗುತ್ತದೆ. ಇಯರ್‌ಫೋನಿನ ಓಮ್‌ಗೆ ಎಂಟನೇ ಒಂದು ಭಾಗಕ್ಕಿಂತ ಅದು ಕಡಿಮೆ ಇದ್ದರೆ ಚಿಂತೆ ಇಲ್ಲ. ಒಂದೇ ಡೈನಾಮಿಕ್ (ಪೊರೆ ಅಲುಗಿಸುವ ಮಾಮೂಲಿ ಬಗೆಯ) ಡ್ರೈವರ್ ಇರುವ ಸಾಮಾನ್ಯ ಇಯರ್‌ಫೋನಿಗೆ ಇದರಿಂದ ಹೆಚ್ಚೇನೂ ಆಗುವುದಿಲ್ಲ. ವೈರ್ ಬದಲಿಸಿ ಸೌಂಡ್ ಸುಧಾರಿಸುವ ಮಾತಿಗೆ ದುಡ್ಡು ಹಾಕಬೇಡಿ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಅಂಗಿಗೆ ಉಜ್ಜಿದಾಗ ವೈರಿನಿಂದ "ಟರ್ ಟರ್" ಸದ್ದು ಕಿವಿಗೆ ಬರುತ್ತದಾ, ಅದನ್ನು ನೋಡಿ. ಅದು ದಿನಾ ಕಾಡುವ ವಿಷಯ.

ಹೆಜ್ಜೆ 6: ಕೇಳುವುದು

ಸೌಂಡ್ ಕಿವಿಯ ನೆನಪಿನಲ್ಲಿ ಬಹಳ ಹೊತ್ತು ಉಳಿಯುವುದಿಲ್ಲ. ಒಂದರಲ್ಲಿ ಪೂರ್ತಿ ಹಾಡು ಕೇಳಿ, ಆಮೇಲೆ ಇನ್ನೊಂದರಲ್ಲಿ ಕೇಳಿದರೆ ಹೋಲಿಕೆ ಆಗುವುದಿಲ್ಲ. 15–20 ಸೆಕೆಂಡಿನ ತುಣುಕು ಆರಿಸಿ, ಅದಕ್ಕೆ ಒಂದೇ ಪ್ರಶ್ನೆ ಇಟ್ಟುಕೊಂಡು ಬದಲಾಯಿಸಿ ಬದಲಾಯಿಸಿ ಕೇಳಿ. "ಯಾವುದು ಚೆನ್ನ" ಅಂತ ಈಗಲೇ ಕೇಳಿಕೊಳ್ಳಬೇಡಿ.

ನಿಮಗೆ ಅಳತೆಗೋಲು ಬೇಕು. ಮೈಕಿಲ್ಲದೆ ನೇರವಾಗಿ ಕೇಳಿದ ದನಿಗಿಂತ ಒಳ್ಳೇ ಅಳತೆಗೋಲು ನನಗೆ ಗೊತ್ತಿಲ್ಲ. ನಮ್ಮ ಸಿದ್ಧರಾಮ ಜಂಬಲದಿನ್ನಿ ರಂಗಮಂದಿರದಂಥ ಕಡೆ ಕಾರ್ಯಕ್ರಮ ಕೇಳುವುದು ಸಂತೋಷ, ಆದರೆ ಅಲ್ಲಿ ಕಿವಿಗೆ ಬರುವುದು ಸ್ಪೀಕರಿನ ಸೌಂಡು. ಅಮಾವಾಸ್ಯೆಯ ರಾತ್ರಿ ಹಳ್ಳಿಯ ಮಠದಲ್ಲಿ, ಗುಡಿಯಲ್ಲಿ ಭಜನೆಗೆ ಕೂತರೆ ಹಾರ್ಮೋನಿಯಂ, ತಬಲಾ, ತಾಳ, ದಮ್ಮಡಿ, ನಾಲ್ಕೈದು ಮಂದಿಯ ಕೊರಳು ಎಲ್ಲಾ ಮಾರಳತೆಯಲ್ಲಿ ಸಿಗುತ್ತವೆ. ಮಾನ್ವಿಯ ಜಗನ್ನಾಥದಾಸರು, ಚೀಕಲಪರ್ವಿಯ ವಿಜಯದಾಸರು ಬಾಳಿದ ಜಿಲ್ಲೆ ಇದು. ದಾಸರ ಪದ, ತತ್ವಪದ ಹೇಳುವವರು ಓಣಿಗೊಬ್ಬರು ಸಿಗುತ್ತಾರೆ. ತಾಳದ ತುದಿ ಎಷ್ಟು ಹೊತ್ತು ಝೇಂಕರಿಸುತ್ತದೆ, ಮುದುಕರ ಕೊರಳಿನ ಬಿರುಕು ಎಷ್ಟು ಕೇಳುತ್ತದೆ ಅಂತ ಒಮ್ಮೆ ಗಮನ ಕೊಟ್ಟು ಕೇಳಿ ಬನ್ನಿ. ಆಮೇಲೆ ಅಂಥದ್ದೇ ವಾದ್ಯಗಳಿರುವ ರೆಕಾರ್ಡಿಂಗ್‌ಗಳನ್ನು ಪರೀಕ್ಷೆಗೆ ಆರಿಸಿ.

ಮೊದಲು ದನಿ. ಗಂಡಸಿನ ಕೊರಳಿನ ವಚನ ಗಾಯನ ಹಾಕಿ. ಕೊರಳಿಗೆ ಎದೆ ಇದೆಯಾ, ಮೂಗಿನಿಂದ ಹಾಡಿದಂತಿದೆಯಾ? ಎದೆಯ ದಪ್ಪ 100ರಿಂದ 300 ಹರ್ಟ್ಜ್ ನಡುವೆ ಇರುತ್ತದೆ. ಅಲ್ಲಿ ಜಾಸ್ತಿಯಾದರೆ ಹಾಡುಗಾರ ಡಬ್ಬದೊಳಗೆ ಕೂತು ಹಾಡಿದಂತೆ, ಕಡಿಮೆಯಾದರೆ ಕಾಗದದಂತೆ. ಆಮೇಲೆ ಹೆಂಗಸಿನ ದನಿ, ಏರುಸ್ವರದಲ್ಲಿ. ತೆರೆದ ಕಿವಿ ಸಹಜವಾಗಿಯೇ 3000 ಹರ್ಟ್ಜ್ ಆಸುಪಾಸಿನ ಸ್ವರವನ್ನು ಎತ್ತಿ ಕೇಳಿಸುತ್ತದೆ. ಟಿಪ್ ಹಾಕಿ ಮುಚ್ಚಿದಾಗ ಆ ಗುಣ ಹೋಗುತ್ತದೆ. ಇಯರ್‌ಫೋನ್ ಮಾಡುವವರು ಅದನ್ನು ತಾವೇ ತುಂಬಿಕೊಡಬೇಕು. ಅತಿಯಾಗಿ ತುಂಬಿದರೆ ಏರುಸ್ವರದಲ್ಲಿ ಕೂಗಿದಂತಾಗುತ್ತದೆ, ಕಡಿಮೆ ತುಂಬಿದರೆ ದನಿ ಹಿಂದೆ ಸರಿದು ಮಂಕಾಗುತ್ತದೆ. ಸ, ಶ, ಚ ಬರುವ ಸಾಲುಗಳನ್ನು ಬೇರೆಯಾಗಿ ಕೇಳಿ. "ಸ್ಸ್" ಅಂತ ಚುಚ್ಚಿದರೆ ಬರೆದುಕೊಳ್ಳಿ, ಅದರ ವಿಚಾರಣೆ ಆಮೇಲೆ.

ಎರಡನೆಯದು ತಬಲಾದ ಡಗ್ಗಾ. ನನಗೆ ಬೇಸ್ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯದು ಸಿಕ್ಕಿಲ್ಲ. ಅಂಗೈ ಒತ್ತಿ ಜಾರಿಸಿದಾಗ "ಗೂಂಯ್" ಅಂತ ಸ್ವರ ಮೇಲೇರುತ್ತದೆ. ಒಳ್ಳೇ ಬೇಸ್ ಇರುವ ಇಯರ್‌ಫೋನಿನಲ್ಲಿ ಆ ಏರಿಕೆ ಮೆಟ್ಟಿಲು ಮೆಟ್ಟಿಲಾಗಿ ತಿಳಿಯುತ್ತದೆ. ಬರೀ ಪ್ರಮಾಣ ಹೆಚ್ಚಿರುವುದರಲ್ಲಿ "ಧುಂ" ಅಂತ ಒಂದೇ ಉಂಡೆಯಾಗಿ ಬರುತ್ತದೆ. ಡೊಳ್ಳು, ಹಲಗೆಯ ರೆಕಾರ್ಡಿಂಗ್ ಸಿಕ್ಕರೆ ಕೋಲು ಬಿದ್ದ ಏಟು ಮತ್ತು ಆಮೇಲಿನ ಮೊಳಗು ಬೇರೆ ಬೇರೆ ಕೇಳುತ್ತವಾ ನೋಡಿ. ಎಲೆಕ್ಟ್ರಾನಿಕ್ ಬೀಟ್ ಇರುವ ಸಿನಿಮಾ ಹಾಡು ಬೇಸಿನ ಆಳ ತೋರಿಸುತ್ತದೆ, ಗುಣ ತೋರಿಸುವುದಿಲ್ಲ.

ಮೂರನೆಯದು ತಾಳ ಮತ್ತು ತಂಬೂರಿ. ತಾಳ ತಟ್ಟಿದಾಗ ಲೋಹದ ಬಣ್ಣ ಕೇಳಬೇಕು, ಝೇಂಕಾರ ನಿಧಾನಕ್ಕೆ ಕರಗಬೇಕು. "ಛಿಸ್" ಅಂತ ಮರಳು ಚೆಲ್ಲಿದಂತೆ ಕೇಳಿದರೆ ಮೇಲಿನ ಸ್ವರಗಳು ಒರಟು. ತಂಬೂರಿಯ ನಾಲ್ಕು ತಂತಿಗಳನ್ನು ಒಂದೊಂದಾಗಿ ಎಣಿಸಲು ಆಗುತ್ತದಾ, ಹಾಡು ಶುರುವಾದ ಮೇಲೂ ತಂಬೂರಿ ಹಿಂದೆ ಕೇಳುತ್ತಲೇ ಇರುತ್ತದಾ? ಇಲ್ಲಿ ಎರಡು ಇಯರ್‌ಫೋನಿನ ಅಂತರ ಸ್ಪಷ್ಟವಾಗಿ ತೆರೆದುಕೊಳ್ಳುತ್ತದೆ.

ಈಗ ಚುಚ್ಚುವ "ಸ" ವಿಚಾರ. ಟೋನ್ ಆ್ಯಪ್‌ನಲ್ಲಿ ವಾಲ್ಯೂಮ್ ಕಡಿಮೆ ಇಟ್ಟು 4000ದಿಂದ 10000 ಹರ್ಟ್ಜ್‌ವರೆಗೆ ನಿಧಾನಕ್ಕೆ ಏರಿಸಿ. ಎಲ್ಲೋ ಒಂದು ಕಡೆ ಸ್ವರ ಚುಚ್ಚುತ್ತದೆ. ಆ ಅಂಕಿ ಬರೆಯಿರಿ. ಈಗ ಇಯರ್‌ಫೋನನ್ನು ಒಂದಿಷ್ಟು ಒಳಗೆ ತಳ್ಳಿ ಮತ್ತೆ ಮಾಡಿ. ಚುಚ್ಚುವ ಜಾಗ ಮೇಲಿನ ಅಂಕಿಗೆ ಸರಿದರೆ ಅದು ನಿಮ್ಮ ಕಿವಿ ಕಾಲುವೆಯಲ್ಲಿ ಉಳಿದ ಗಾಳಿಯ ಮೊಳಗು. ಟಿಪ್ ಆಳಕ್ಕೆ ಹೋದಷ್ಟೂ ಆ ಗಾಳಿಯ ಉದ್ದ ಕಡಿಮೆಯಾಗಿ ಮೊಳಗು ಮೇಲೇರುತ್ತದೆ. ಟಿಪ್ ಬದಲಿಸಿ ಇದನ್ನು ಸರಿಮಾಡಬಹುದು. ಎಷ್ಟು ತಳ್ಳಿದರೂ ಅದೇ ಅಂಕಿಯಲ್ಲಿ ನಿಂತರೆ ಆ ಚೂಪು ಇಯರ್‌ಫೋನಿನದೇ. "ಈ ಮಾಡೆಲ್ ಚುಚ್ಚುತ್ತದೆ", "ಇಲ್ಲ, ಚುಚ್ಚಲ್ಲ" ಅಂತ ಇಬ್ಬರು ಗೆಳೆಯರು ಜಗಳಾಡಿದರೆ ಇಬ್ಬರೂ ನಿಜವನ್ನೇ ಹೇಳುತ್ತಿರುವ ಸಂಭವ ಹೆಚ್ಚು. ಕಿವಿಗಳು ಬೇರೆ.

ಅಂತರ್ಜಾಲದ ಗ್ರಾಫ್‌ಗಳನ್ನು (ಯಾವ ಸ್ವರ ಎಷ್ಟು ಜೋರು ಅಂತ ತೋರಿಸುವ ಗೆರೆ) ನೋಡುವಾಗಲೂ ಇದು ನೆನಪಿರಲಿ. ಹೆಚ್ಚಿನವು 711 ಎಂಬ ಕೃತಕ ಕಿವಿಯಲ್ಲಿ ಅಳೆದವು. ಆ ಕೊಳವೆಗೇ 8000 ಹರ್ಟ್ಜ್ ಆಸುಪಾಸು ಒಂದು ಮೊಳಗು ಇದೆ. ಅಲ್ಲಿಂದ ಮೇಲಿನ ಗೆರೆಯನ್ನು ಅಷ್ಟಾಗಿ ನಂಬಲಾಗದು. ಸಂಶೋಧಕ ಶಾನ್ ಆಲಿವ್ ಮತ್ತು ಜೊತೆಗಾರರು ರೂಪಿಸಿದ ಹರ್ಮನ್ ಟಾರ್ಗೆಟ್ ಎಂಬ ಮಾದರಿ ಗೆರೆ ಹೆಚ್ಚು ಜನ ಏನು ಇಷ್ಟಪಟ್ಟರು ಅಂತ ಹೇಳುತ್ತದೆ, ನೀವು ಏನು ಇಷ್ಟಪಡಬೇಕು ಅಂತ ಹೇಳುವುದಿಲ್ಲ. ಕೆಳಗಿನ, ನಡುವಿನ ಸ್ವರಗಳಿಗೆ ಗ್ರಾಫ್ ಒಳ್ಳೇ ದಾರಿ ತೋರಿಸುತ್ತದೆ. ತರಿಸುವ ಮುಂಚೆ ನೋಡಿ.

ಹೆಜ್ಜೆ 7: ಒಂದೊಂದು ಕಿವಿಗೆ ಒಂದೊಂದು

ಒಂದು ಜ್ಯಾಕಿಗೆ ಎರಡು ಇಯರ್‌ಫೋನ್ ಸಿಕ್ಕಿಸುವ ಸ್ಪ್ಲಿಟರ್ ಇದ್ದರೆ ಈ ಉಪಾಯ ಮಾಡಿ. ಮೊದಲನೆಯದರ ಎಡ ಭಾಗ ಎಡಗಿವಿಗೆ, ಎರಡನೆಯದರ ಬಲ ಭಾಗ ಬಲಗಿವಿಗೆ. ಫೋನಿನ ಆಕ್ಸೆಸಿಬಿಲಿಟಿ ಸೆಟ್ಟಿಂಗಿನಲ್ಲಿ ಮೋನೋ ಆಡಿಯೋ (ಎರಡೂ ಕಡೆ ಒಂದೇ ಸದ್ದು) ಆನ್ ಮಾಡಿ, ಅಲ್ಲೇ ಇರುವ ಎಡ ಬಲ ಬ್ಯಾಲೆನ್ಸ್ ತಿದ್ದಿ ಮಾತಿನ ದನಿ ನಡುವೆ ನಿಲ್ಲುವಂತೆ ಮಾಡಿ. ಈಗ 30 ಹರ್ಟ್ಜ್‌ನಿಂದ ಸ್ವರ ಏರಿಸುತ್ತಾ ಹೋಗಿ. ಸ್ವರ ಎಡಕ್ಕೆ ವಾಲಿದ ಕಡೆ ಮೊದಲನೆಯದು ಜೋರು, ಬಲಕ್ಕೆ ವಾಲಿದ ಕಡೆ ಎರಡನೆಯದು. ನಂತರ ಅದಲು ಬದಲು ಮಾಡಿ ಇನ್ನೊಮ್ಮೆ ನೋಡಿ, ಕಿವಿಗಳ ವ್ಯತ್ಯಾಸ ಕಳೆಯುತ್ತದೆ. ಓಮ್ ತೀರಾ ಬೇರೆ ಇದ್ದರೆ ಫಲಿತಾಂಶ ಪೂರ್ತಿ ನಂಬಬೇಡಿ. ಆದರೂ ಎರಡರ ಸ್ವಭಾವ ಎಲ್ಲಿ ಬೇರೆ ಅಂತ ಐದು ನಿಮಿಷದಲ್ಲಿ ತೋರಿಸುವ ಉಪಾಯ ಇದು.

ಆಮೇಲೆ ಕಣ್ಣು ಮುಚ್ಚಿ ಪರೀಕ್ಷೆ. ತಮ್ಮನನ್ನೋ ತಂಗಿಯನ್ನೋ ಕರೆದು, ಯಾವುದು ಅಂತ ಹೇಳದೆ ಕೈಗೆ ಕೊಡಲು ಹೇಳಿ, ವಾಲ್ಯೂಮನ್ನು ಬರೆದಿಟ್ಟ ಮೆಟ್ಟಿಲಿಗೆ ಅವರೇ ಇಡಲಿ. ಮುಟ್ಟಿದರೆ ಯಾವುದು ಅಂತ ಗೊತ್ತಾಗುತ್ತದೆ ನಿಜ. ಆದರೂ ಬೆಲೆ, ಬಣ್ಣ, ಹೆಸರು ಕಣ್ಣೆದುರು ಇಲ್ಲದಿದ್ದಾಗ ಕಿವಿ ಹೆಚ್ಚು ಪ್ರಾಮಾಣಿಕವಾಗಿ ಕೇಳುತ್ತದೆ. ಮೂನ್‌ಡ್ರಾಪ್ ಚು, 7ಹರ್ಟ್ಜ್ ಸಾಲ್ನೋಟ್ಸ್ ಝೀರೋ, ಟಾಂಗ್‌ಝು ವಾನ್ಅರ್ ಇವುಗಳಂಥ ಕಡಿಮೆ ಬೆಲೆಯವನ್ನು ಇಂಥ ಪರೀಕ್ಷೆಗೆ ಸೇರಿಸಿ ನೋಡಿ. ಬೆಲೆಯ ಬಗ್ಗೆ ನಿಮ್ಮ ಲೆಕ್ಕ ಬದಲಾಗಬಹುದು.

ಹೆಜ್ಜೆ 8: ಹೊತ್ತು ಹಾಕಿಕೊಂಡು ನೋಡಿ

ಸೌಂಡ್ ಗೆದ್ದದ್ದು ಕಿವಿಯಲ್ಲಿ ಒಂದು ಗಂಟೆ ನಿಲ್ಲದಿದ್ದರೆ ಏನು ಪ್ರಯೋಜನ? ಒಂದೊಂದನ್ನೂ ಬಿಡದೆ ಒಂದೂವರೆ ಗಂಟೆ ಹಾಕಿಕೊಳ್ಳಿ. ಕಾಲುವೆಯ ಒಳಗೆ ಉರಿದರೆ ಟಿಪ್ ದೊಡ್ಡದಾಯಿತು. ಹೊರಬಟ್ಟಲಿನ ಅಂಚು ನೋಯ್ದರೆ ಇಯರ್‌ಫೋನಿನ ಮೈಯೇ ನಿಮ್ಮ ಕಿವಿಗೆ ದೊಡ್ಡದು. ಟಿಪ್ ಬದಲಿಸಬಹುದು, ಮೈ ಬದಲಿಸಲಾಗುವುದಿಲ್ಲ. ಈ ನೋವು "ಅಡ್ಜಸ್ಟ್ ಆಗುತ್ತೆ" ಅಂತ ಸುಮ್ಮನಿರಬೇಡಿ, ವಾಪಸ್ ಕಳಿಸಿ. ದಿಂಬಿಗೆ ಒರಗಿ ಕೇಳುವವರಾದರೆ ಹೊರಗೆ ಎಷ್ಟು ಚಾಚಿದೆ ಅಂತಲೂ ನೋಡಿ.

ಇನ್ನೊಂದು ಪರೀಕ್ಷೆ ಬಸ್ಸಿನಲ್ಲಿ. ರಾಯಚೂರಿನಿಂದ ಲಿಂಗಸುಗೂರಿಗೆ ಹೋಗುವ ಸಾರಿಗೆ ಬಸ್ಸಿನ ಎಂಜಿನ್ ಸದ್ದು ಬಹುಪಾಲು ಕೆಳಗಿನ ಸ್ವರ, ಅದು ನೇರವಾಗಿ ಹಾಡಿನ ಬೇಸನ್ನು ತಿನ್ನುತ್ತದೆ. ಮನೆಯಲ್ಲಿ ಬೇಸ್ ಜಾಸ್ತಿ ಅನ್ನಿಸಿದ್ದು ಬಸ್ಸಿನಲ್ಲಿ ಸರಿಯಾಗುತ್ತದೆ, ಮನೆಯಲ್ಲಿ ಸಮ ಇದ್ದದ್ದು ತೆಳುವಾಗುತ್ತದೆ. ದಿನಾ ಓಡಾಡುವವರು ಮನೆಯ ಮೌನದಲ್ಲಿ ಕೊಟ್ಟ ತೀರ್ಪನ್ನು ಇಲ್ಲಿ ಮತ್ತೊಮ್ಮೆ ತಿದ್ದಿಕೊಳ್ಳಬೇಕು. ವಾಲ್ಯೂಮ್ ಏರಿಸದೆಯೇ ಹಾಡು ಕೇಳುವಷ್ಟು ಹೊರಸದ್ದು ತಡೆಯುವುದು ಒಳ್ಳೆಯದು. ಬೈಕಿನ ಮೇಲೆ, ರಸ್ತೆ ದಾಟುವಾಗ ಮಾತ್ರ ಎರಡೂ ಕಿವಿಯಿಂದ ತೆಗೆದಿಡಿ.

ಒಂದು ವಾರ ಒಂದನ್ನೇ ಕೇಳಿದರೆ ಅದು "ಪಳಗಿ" ಚೆನ್ನಾಯಿತು ಅನ್ನಿಸಬಹುದು. ಹೆಚ್ಚಾಗಿ ಪಳಗುವುದು ನಮ್ಮ ಕಿವಿ. ಆದ್ದರಿಂದ ವಾಪಸ್ ಕೊಡುವ ಗಡುವಿಗೆ ಎರಡು ದಿನ ಮುಂಚೆ ಹೆಜ್ಜೆ 4 ಮತ್ತು 6ನ್ನು ಇನ್ನೊಮ್ಮೆ ಮಾಡಿ. ಬರೆದಿಟ್ಟದ್ದರ ಜೊತೆ ತಾಳೆ ನೋಡಿ. ಎರಡು ಸಲವೂ ಅದೇ ಮಾತು ಬಂದಿದ್ದರೆ ಇಟ್ಟುಕೊಳ್ಳಿ. ಸೌಂಡಿನಲ್ಲಿ ಸಮ ಬಂದರೆ ನಾನು ಕಿವಿಗೆ ಹಿತವಾಗಿರುವುದನ್ನೇ ಇಟ್ಟುಕೊಳ್ಳುತ್ತೇನೆ.

ಇಟ್ಟುಕೊಂಡದ್ದನ್ನು ನಮ್ಮ ಧೂಳಿನಿಂದ ಕಾಪಾಡಬೇಕು. ಹತ್ತಿ, ಅಕ್ಕಿ ಗಿರಣಿಗಳ ಊರಿನ ಗಾಳಿಯಲ್ಲಿ ಜಾಲರಿ ಬೇಗ ಕಟ್ಟಿಕೊಳ್ಳುತ್ತದೆ. ಕೇಳಿದ ಮೇಲೆ ಟಿಪ್ ತೆಗೆದು ಒರೆಸಿ. ಜಾಲರಿಯನ್ನು ಕೆಳಮುಖ ಹಿಡಿದು ಮೆತ್ತನೆಯ ಒಣ ಬ್ರಷ್‌ನಿಂದ ಉಜ್ಜಿ, ಮೇಲ್ಮುಖ ಹಿಡಿದರೆ ಕಸ ಒಳಗೇ ಬೀಳುತ್ತದೆ. ಸೂಜಿ ಹಾಕಬೇಡಿ. ಬೆವರಿದ ವೈರನ್ನು ಒರೆಸದೆ ಸುತ್ತಿಟ್ಟರೆ ಕಿವಿಯ ಹಿಂದಿನ ಭಾಗ ಗಡುಸಾಗುತ್ತದೆ. ಬಿಸಿಲಲ್ಲಿ ನಿಂತ ಬೈಕಿನ ಡಿಕ್ಕಿಯಲ್ಲಿ ಇಡಬೇಡಿ, ಅಂಟು ಬಿಡುತ್ತದೆ. ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಒಂದು ಹಾಕಿ, ಅದರ ಜೊತೆ ಯಾವ ಟಿಪ್, ಯಾವ ಮೆಟ್ಟಿಲು, ಎಷ್ಟು ಪ್ರಿಆಂಪ್ ಅಂತ ಬರೆದ ಚೀಟಿಯನ್ನೂ ಇಡಿ. ಸಿಂಧನೂರಿನ ಗೆಳೆಯ ಇಸಿದುಕೊಂಡು ಹೋದಾಗ ಅವನಿಗೂ ಅದು ಬೇಕಾಗುತ್ತದೆ.